ಪಾರೆಯು, ಲಾವಲಾವ, ತುಪೆನು: ಪಾಲಿನೇಷ್ಯಾದ ಸುತ್ತಿ ಉಡುವ ಬಟ್ಟೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಶ್ನೆ: ಇಲ್ಲಿ ಯಾವ ನಾಡಿನ, ಯಾವ ಉಡುಗೆಗಳ ಬಗ್ಗೆ ಹೇಳಲಾಗಿದೆ?

ಉತ್ತರದಲ್ಲಿ ಹವಾಯಿ, ನೈಋತ್ಯದಲ್ಲಿ ನ್ಯೂಜಿಲೆಂಡ್, ಪೂರ್ವದ ತುದಿಯಲ್ಲಿ ಈಸ್ಟರ್ ದ್ವೀಪವೆಂದು ಹೆಸರಾದ ರಾಪಾ ನುಯಿ, ಈ ಮೂರನ್ನೂ ಗೆರೆ ಎಳೆದು ಕೂಡಿಸಿದರೆ ಪೆಸಿಫಿಕ್ ಸಾಗರದ ಮೇಲೆ ಮೂಡುವ ದೊಡ್ಡ ತ್ರಿಕೋನವೇ ಪಾಲಿನೇಷ್ಯಾ. ಸಮೋವ, ತೊಂಗಾ, ತಾಹಿತಿ, ಕುಕ್ ದ್ವೀಪಗಳು, ಮಾರ್ಕೇಸಸ್ ಮೊದಲಾದವೆಲ್ಲ ಅದರೊಳಗೆ ಬರುತ್ತವೆ. ಹೊಲಿಗೆಯಿಲ್ಲದ ಒಂದು ತುಂಡನ್ನು ಮೈಗೆ ಸುತ್ತಿ, ಗಂಟು ಹಾಕಿ ಅಥವಾ ಸೊಂಟದಲ್ಲಿ ಸಿಕ್ಕಿಸಿ ಉಡುವ ಪದ್ಧತಿ ಈ ದ್ವೀಪಗಳಲ್ಲೆಲ್ಲ ಇತ್ತು. ಬಹಳಷ್ಟು ಕಡೆ ಇಂದಿಗೂ ಇದೆ. ಪ್ರವಾಸದ ಜಾಹೀರಾತುಗಳು ಇದನ್ನು ಕಡಲತೀರದ ಉಡುಪೆಂದು ತೋರಿಸುತ್ತವೆ. ಆದರೆ ಆ ಜನರ ನಡುವೆ ಇದು ಚರ್ಚಿಗೆ, ಕಚೇರಿಗೆ, ಶಾಲೆಗೆ, ಮದುವೆಗೆ, ಸಾವಿನ ಮನೆಗೆ ಉಟ್ಟು ಹೋಗುವ ಬಟ್ಟೆ. ಯಾರು ಯಾರ ಮುಂದೆ ಯಾವ ಸಂದರ್ಭದಲ್ಲಿ ಏನನ್ನು ಸುತ್ತಿಕೊಂಡು ನಿಂತಿದ್ದಾರೆ ಎಂಬುದನ್ನು ಅಲ್ಲಿ ಎಲ್ಲರೂ ಗಮನಿಸುತ್ತಾರೆ.

ಪ್ರಶ್ನೆ: ಪಾರೆಯು, ಲಾವಲಾವ, ತುಪೆನು ಎಲ್ಲವೂ ಒಂದೇ ಬಟ್ಟೆಯೇ?

ಆಕಾರದಲ್ಲಿ ಹೆಚ್ಚುಕಡಿಮೆ ಒಂದೇ, ಬಳಕೆಯಲ್ಲಿ ಅಲ್ಲ. ಸುಮಾರು ಎರಡು ಗಜ ಉದ್ದದ, ಒಂದು ಗಜಕ್ಕಿಂತ ಸ್ವಲ್ಪ ಹೆಚ್ಚು ಅಗಲದ ಆಯತಾಕಾರದ ತುಂಡಿಗೆ ತಾಹಿತಿ ಮತ್ತು ಕುಕ್ ದ್ವೀಪಗಳಲ್ಲಿ ಪಾರೆಯು ಎಂದೂ ಸಮೋವದಲ್ಲಿ ಲಾವಲಾವ ಎಂದೂ ಹೆಸರು. ತೊಂಗಾದಲ್ಲಿ ಗಂಡಸರು ಸೊಂಟಕ್ಕೆ ಉಡುವುದು ತುಪೆನು. ತಾಹಿತಿಯ ಪಾರೆಯು ಹೆಚ್ಚಾಗಿ ಬಣ್ಣಬಣ್ಣದ್ದು, ಮನೆಯಲ್ಲಿ ಮತ್ತು ಹಬ್ಬದಲ್ಲಿ ಉಡುವಂಥದು; ತುಪೆನು ಬಹುಮಟ್ಟಿಗೆ ಒಂದೇ ಬಣ್ಣದ್ದು, ಅಂಗಿಯ ಜೊತೆ ಉಡುವಂಥದು. ಹವಾಯಿಯಲ್ಲಿ ಹೆಂಗಸರದು ಪಾಉ, ಗಂಡಸರ ಕೌಪೀನ ಮಾಲೊ, ಹೆಗಲಿಗೆ ಕಟ್ಟಿಕೊಳ್ಳುವುದು ಕೀಹೇ. ನೆರೆಯ ಫಿಜಿಯಲ್ಲಿ ಇದೇ ಮಾದರಿಯ ಬಟ್ಟೆಗೆ ಸುಲು ಎನ್ನುತ್ತಾರೆ.

ಪ್ರಶ್ನೆ: ನಮ್ಮ ಪಂಚೆ, ಲುಂಗಿ ಅಥವಾ ಇಂಡೋನೇಷ್ಯಾದ ಸರೋಂಗಿಗೂ ಇದಕ್ಕೂ ಏನು ವ್ಯತ್ಯಾಸ?

ಸರೋಂಗಿನ ಎರಡು ತುದಿಗಳನ್ನು ಸಾಮಾನ್ಯವಾಗಿ ಸೇರಿಸಿ ಹೊಲಿದಿರುತ್ತಾರೆ, ನಮ್ಮ ಲುಂಗಿಗಳಲ್ಲೂ ಹಾಗೆ ಹೊಲಿದವು ಉಂಟು. ಪಾರೆಯು ಮತ್ತು ಲಾವಲಾವ ಬಿಡಿಯಾದ ತುಂಡುಗಳು. ಈ ದೃಷ್ಟಿಯಿಂದ ಅವು ಅಡ್ಡಪಂಚೆಗೆ ಹತ್ತಿರ. ಆದರೆ ನಮ್ಮ ಪಂಚೆ, ಸೀರೆಗಳು ಮೊದಲಿನಿಂದಲೂ ನೂಲು ನೇಯ್ದು ಮಾಡಿದವು. ಪಾಲಿನೇಷ್ಯಾದಲ್ಲಿ ಹತ್ತಿಯನ್ನು ನೇಯುವ ಮಗ್ಗವೇ ಇರಲಿಲ್ಲ. ಅಲ್ಲಿನ ಮೂಲ ಬಟ್ಟೆ ಮರದ ತೊಗಟೆಯಿಂದ ಬಂದದ್ದು. ಹೀಗಾಗಿ ಉಟ್ಟಾಗ ಕಾಣುವ ಹೋಲಿಕೆಯಿಂದ ಎರಡಕ್ಕೂ ಒಂದೇ ಮೂಲ ಕಟ್ಟುವುದು ಸರಿಯಲ್ಲ. ಬೆಚ್ಚಗಿನ, ತೇವದ ಹವೆಯ ಹಲವು ನಾಡುಗಳ ಜನ ಗಾಳಿಯಾಡುವ ಸುತ್ತುಬಟ್ಟೆಯನ್ನು ತಮ್ಮಷ್ಟಕ್ಕೆ ತಾವೇ ಕಂಡುಕೊಂಡಿದ್ದಾರೆ.

ಪ್ರಶ್ನೆ: ತೊಗಟೆಯಿಂದ ಬಟ್ಟೆ ಮಾಡುತ್ತಿದ್ದುದು ಹೇಗೆ?

ಇಡೀ ವಿಷಯದ ಬುಡ ಇಲ್ಲಿರುವುದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ತೊಗಟೆಯ ಬಟ್ಟೆಗೆ ಹೊರಗಿನವರು ಬಳಸುವ ಸಾಮಾನ್ಯ ಹೆಸರು ತಾಪಾ. ಸಮೋವದಲ್ಲಿ ಅದು ಸಿಯಾಪೊ, ತೊಂಗಾದಲ್ಲಿ ಙಾತು, ಹವಾಯಿಯಲ್ಲಿ ಕಾಪಾ. ಮುಖ್ಯವಾಗಿ ಬಳಸುತ್ತಿದ್ದುದು ಕಾಗದ ಹಿಪ್ಪುನೇರಳೆ ಎಂಬ ಗಿಡವನ್ನು. ರಾಮನಗರ, ಕೋಲಾರಗಳ ಕಡೆ ರೇಷ್ಮೆಹುಳುವಿಗೆ ಹಾಕುವ ಹಿಪ್ಪುನೇರಳೆಯ ಕುಟುಂಬಕ್ಕೇ ಸೇರಿದ್ದು ಇದು. ಪೆಸಿಫಿಕ್ ದ್ವೀಪಗಳಲ್ಲಿ ಈ ಗಿಡ ತಾನಾಗಿ ಬೆಳೆದದ್ದಲ್ಲ. ದೋಣಿಗಳಲ್ಲಿ ಹೊರಟ ಪೂರ್ವಜರು ಅದರ ಬೇರುಸಸಿಗಳನ್ನು ಜೊತೆಗೆ ಒಯ್ದು ದ್ವೀಪದಿಂದ ದ್ವೀಪಕ್ಕೆ ನೆಟ್ಟುಕೊಂಡು ಹೋದರು. 2015ರಲ್ಲಿ ಪ್ರಕಟವಾದ ಒಂದು ಡಿಎನ್‌ಎ ಅಧ್ಯಯನ ಪೆಸಿಫಿಕ್‌ನ ಈ ಗಿಡಗಳ ಮೂಲ ತೈವಾನಿನಲ್ಲಿದೆ ಎಂದು ತೋರಿಸಿತು. ಪಾಲಿನೇಷ್ಯನ್ನರ ಭಾಷಾಮೂಲವನ್ನು ಹುಡುಕುವ ವಿದ್ವಾಂಸರು ಬೊಟ್ಟು ಮಾಡುವುದೂ ಅದೇ ದಿಕ್ಕಿಗೆ.

ಗಿಡ ಆಳೆತ್ತರಕ್ಕಿಂತ ಮೇಲೆ ಬೆಳೆದು ಕಾಂಡ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪವಾದಾಗ ಕಡಿಯುತ್ತಾರೆ. ಪಕ್ಕದಲ್ಲಿ ಕವಲೊಡೆದರೆ ತೊಗಟೆಯಲ್ಲಿ ತೂತು ಬೀಳುತ್ತದೆಂದು ಚಿಗುರನ್ನು ಮೊದಲಿನಿಂದಲೇ ಚಿವುಟುತ್ತಿರುತ್ತಾರೆ. ಕಡಿದ ಕಾಂಡದ ತೊಗಟೆಯನ್ನು ಬುಡದಿಂದ ತುದಿಯವರೆಗೆ ಒಂದೇ ಪಟ್ಟಿಯಾಗಿ ಸುಲಿದು, ಒರಟಾದ ಹೊರಪದರವನ್ನು ಹೆರೆದು ತೆಗೆದರೆ ಬಿಳಿಯ ಒಳನಾರು ಉಳಿಯುತ್ತದೆ. ಅದನ್ನು ನೀರಿನಲ್ಲಿ ನೆನೆಸಿ, ಮರದ ಕೊರಡಿನ ಮೇಲಿಟ್ಟು ಬಡಿಯಬೇಕು. ಬಡಿಯುವ ಕೊಡತಿಗೆ ನಾಲ್ಕು ಮುಖ. ಒಂದರ ಗೀರು ದಪ್ಪ, ಇನ್ನೊಂದರದು ಸಣ್ಣ, ಮತ್ತೊಂದು ನುಣುಪು. ದಪ್ಪ ಗೀರಿನಿಂದ ಆರಂಭಿಸಿ ಸಣ್ಣದಕ್ಕೆ ಬರುವಷ್ಟರಲ್ಲಿ ಅಂಗೈ ಅಗಲದ ಪಟ್ಟಿ ಹಲವು ಪಟ್ಟು ಹಿಗ್ಗಿ ತೆಳ್ಳಗಿನ ಹಾಳೆಯಾಗಿರುತ್ತದೆ. ಇಂಥ ಹಾಳೆಗಳನ್ನು ಒಂದರ ಮೇಲೊಂದು ಅಂಚು ಕೂಡಿಸಿ, ತೊಂಗಾ ಮತ್ತು ಸಮೋವಗಳಲ್ಲಿ ಗೆಡ್ಡೆಯ ಪಿಷ್ಟದ ಅಂಟಿನಿಂದ ಜೋಡಿಸುತ್ತಾರೆ. ಹವಾಯಿಯವರು ನಾರನ್ನು ನೀರಿನಲ್ಲಿ ಕೊಳೆಸಿ, ಮತ್ತೆ ಬಡಿದು, ಅಂಟಿಲ್ಲದೆಯೇ ಬೆಸೆಯುತ್ತಿದ್ದರು. ಹವಾಯಿಯ ಕೊಡತಿಗಳ ಕೊನೆಯ ಮುಖದಲ್ಲಿ ನಯವಾದ ಕೆತ್ತನೆ ಇರುತ್ತಿತ್ತು. ಅದರ ಅಚ್ಚು ಬಟ್ಟೆಯೊಳಗೇ ಮೂಡಿ, ಬೆಳಕಿಗೆ ಹಿಡಿದಾಗ ನೋಟಿನ ನೀರುಗುರುತಿನಂತೆ ಕಾಣುತ್ತಿತ್ತು.

ಬಣ್ಣಗಳೂ ಗಿಡಮರಗಳವೇ. ತೊಂಗಾದಲ್ಲಿ ಕೋಕಾ ಮರದ ತೊಗಟೆಯನ್ನು ಹಿಂಡಿ ತೆಗೆದ ಕಂದು ರಸ, ಹವಾಯಿಯಲ್ಲಿ ಹಳದಿಗೆ ಅರಿಶಿನ, ಕೆಂಪಿಗೆ ನೋನಿಯ ಬೇರು ಬಳಕೆಯಲ್ಲಿದ್ದವು. ತೊಂಗಾದ ಹೆಂಗಸರು ಕುಪೆಸಿ ಎಂಬ ಉಬ್ಬು ವಿನ್ಯಾಸದ ಅಚ್ಚನ್ನು ಹಾಳೆಯ ಅಡಿಗಿಟ್ಟು ಮೇಲಿನಿಂದ ಬಣ್ಣ ಉಜ್ಜಿ ಚಿತ್ರ ತೆಗೆಯುತ್ತಾರೆ. ಹವಾಯಿಯವರು ಬಿದಿರಿನ ಸೀಳಿನಲ್ಲಿ ಕೆತ್ತಿದ ಅಚ್ಚನ್ನು ಒತ್ತುತ್ತಿದ್ದರು. ಈ ಕೆಲಸವೆಲ್ಲ ಬಹುಮಟ್ಟಿಗೆ ಹೆಂಗಸರ ಕೈಯಲ್ಲಿತ್ತು. ಆದ್ದರಿಂದ ಮನೆತನದ ಸಂಪತ್ತಿನ ದೊಡ್ಡ ಪಾಲು ಅವರ ಸೃಷ್ಟಿಯೇ ಆಗಿತ್ತು ಎಂಬುದನ್ನು ಮರೆಯಬಾರದು. ತಾಹಿತಿಯಲ್ಲಿ ಗೌರವದ ಅತಿಥಿಗೆ ಬಟ್ಟೆ ಕೊಡುವವರು ಅದನ್ನು ತಮ್ಮ ಮೈಗೆ ಸುತ್ತುಸುತ್ತಾಗಿ ಸುತ್ತಿಕೊಂಡು ಬಂದು, ಎದುರಿಗೆ ನಿಂತು ಬಿಚ್ಚಿ ಒಪ್ಪಿಸುತ್ತಿದ್ದರು.

ಪ್ರಶ್ನೆ: ಅಂಥ ಬಟ್ಟೆಯನ್ನು ಬಿಟ್ಟು ಗಿರಣಿಯ ಹತ್ತಿಗೆ ಹೋದದ್ದೇಕೆ? ಕ್ರೈಸ್ತ ಪಾದ್ರಿಗಳ ಒತ್ತಾಯವೇ ಕಾರಣವೇ?

ಪಾದ್ರಿಗಳ ಪಾತ್ರ ದೊಡ್ಡದೇ. ಲಂಡನ್ ಮಿಷನರಿ ಸೊಸೈಟಿಯವರು 1797ರಲ್ಲಿ ತಾಹಿತಿಗೆ, ಅಮೆರಿಕದ ಮಿಷನರಿಗಳು 1820ರಲ್ಲಿ ಹವಾಯಿಗೆ ಬಂದಿಳಿದ ಮೇಲೆ ಎದೆ, ಹೆಗಲು, ಕಾಲುಗಳನ್ನು ಮುಚ್ಚುವ ಉಡುಪು ಧರ್ಮದ ಗುರುತಾಯಿತು. ಹೆಂಗಸರಿಗೆ ಕುತ್ತಿಗೆಯಿಂದ ಪಾದದವರೆಗಿನ ಸಡಿಲ ನಿಲುವಂಗಿ ಬಂತು. ಆದರೆ ಅದೊಂದನ್ನೇ ಕಾರಣವೆನ್ನುವುದು ದ್ವೀಪದವರ ವಿವೇಕವನ್ನು ಕಡೆಗಣಿಸಿದಂತೆ. ತಾಪಾದ ದೊಡ್ಡ ದೌರ್ಬಲ್ಯ ನೀರು: ಮಳೆಯಲ್ಲಿ ತೊಯ್ದರೆ ಮೆತ್ತಗಾಗಿ ಹರಿಯುತ್ತದೆ, ಒಗೆದು ಮತ್ತೆ ಉಡಲು ಬರುವುದಿಲ್ಲ. ಹಡಗಿನಲ್ಲಿ ಬಂದ ಹತ್ತಿಬಟ್ಟೆಯನ್ನು ಒಗೆಯಬಹುದಿತ್ತು, ದಿನಗಟ್ಟಲೆ ಬಡಿಯುವ ಶ್ರಮವೂ ತಪ್ಪುತ್ತಿತ್ತು. ಜನ ಅದನ್ನು ತಾವಾಗಿ ಬಯಸಿ ವ್ಯಾಪಾರಿಗಳಿಂದ ಕೊಂಡರು, ಆದರೆ ಉಡುವ ರೀತಿಯನ್ನು ಮಾತ್ರ ತಮ್ಮದೇ ಉಳಿಸಿಕೊಂಡರು.

ಹೊಸ ಬಟ್ಟೆಯನ್ನು ತಮ್ಮ ಕ್ರಮದೊಳಕ್ಕೆ ಎಳೆದುಕೊಳ್ಳುವ ಈ ಗುಣ ಪಾದ್ರಿಗಳಿಗಿಂತ ಹಿಂದಿನದು. ತಾಹಿತಿಯಲ್ಲಿ ಅರಸು ಪದವಿಗೇರುವವನ ಸೊಂಟಕ್ಕೆ ಮಾರೊ ಉರಾ ಎಂಬ ಕೆಂಪು ಗರಿಗಳ ಪಟ್ಟಿಯನ್ನು ಸುತ್ತುತ್ತಿದ್ದರು. 1767ರಲ್ಲಿ ಬ್ರಿಟಿಷ್ ಕಪ್ತಾನ ಸ್ಯಾಮ್ಯುಯೆಲ್ ವಾಲಿಸ್ ದ್ವೀಪವನ್ನು ತನ್ನ ದೊರೆಯ ಸ್ವತ್ತೆಂದು ಸಾರಿ ಒಂದು ಕೆಂಪು ಪತಾಕೆಯನ್ನು ನೆಟ್ಟು ಹೋದ. ದ್ವೀಪದವರು ಆ ಪತಾಕೆಯನ್ನು ಕಿತ್ತು ಅರಸನ ಸೊಂಟಪಟ್ಟಿಗೆ ಸೇರಿಸಿ ಹೊಲಿದರು. ಹತ್ತು ವರ್ಷಗಳ ನಂತರ ಬಂದ ಜೇಮ್ಸ್ ಕುಕ್ ಅದನ್ನು ಕಣ್ಣಾರೆ ನೋಡಿದ್ದಾನೆ.

ತಾಹಿತಿಯಲ್ಲಿ ತಾಪಾ ತಯಾರಿಕೆ ಹತ್ತೊಂಬತ್ತನೇ ಶತಮಾನದಲ್ಲೇ ಬಹುತೇಕ ನಿಂತುಹೋಯಿತು. ಆದರೆ ಮಾರ್ಕೇಸಸ್‌ನ ಫಾಟು ಹಿವಾ ದ್ವೀಪದಲ್ಲಿ ಮುಂದುವರಿದಿದೆ. ಹವಾಯಿಯಲ್ಲಿ ನಿಂತದ್ದನ್ನು 1970ರ ದಶಕದಿಂದ ಕೆಲವರು ವಸ್ತುಸಂಗ್ರಹಾಲಯದ ಮಾದರಿಗಳನ್ನು ನೋಡಿ ಮತ್ತೆ ಕಲಿತರು. ತೊಂಗಾದಲ್ಲಿ ಅದು ನಿಲ್ಲಲೇ ಇಲ್ಲ. ಮದುವೆ, ಸಾವು, ಪಟ್ಟಾಭಿಷೇಕಗಳಿಗೆ ಇಂದಿಗೂ ಹತ್ತಾರು ಗಜ ಉದ್ದದ ಙಾತು ಬೇಕೇ ಬೇಕು.

ಪ್ರಶ್ನೆ: ದಾಸವಾಳದ ದೊಡ್ಡ ಹೂಗಳಿರುವ ವಿನ್ಯಾಸ ಪ್ರಾಚೀನವಾದದ್ದೇ?

ಅಲ್ಲ. ಹಳೆಯ ತಾಪಾದ ವಿನ್ಯಾಸಗಳು ಹೆಚ್ಚಾಗಿ ಗೆರೆ, ತ್ರಿಕೋನ, ಎಲೆಯ ಅಚ್ಚುಗಳಂಥವು. ಕೆಂಪು ಅಥವಾ ನೀಲಿ ನೆಲದ ಮೇಲೆ ಬಿಳಿಯ ದೊಡ್ಡ ಹೂ, ದೀವಿಹಲಸಿನ ಎಲೆ ಇರುವ ಪಾರೆಯು ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ಗಿರಣಿಗಳು ದ್ವೀಪದವರ ಅಭಿರುಚಿ ನೋಡಿ ಅಚ್ಚು ಹಾಕಿ ಕಳಿಸಿದ ಸರಕು. 1891ರಲ್ಲಿ ತಾಹಿತಿಗೆ ಬಂದ ಫ್ರೆಂಚ್ ಚಿತ್ರಕಾರ ಪಾಲ್ ಗೋಗ್ಯಾನ್ ಬರೆದ ಹೆಂಗಸರ ಮೈಮೇಲಿರುವುದು ಇಂಥ ಗಿರಣಿಬಟ್ಟೆಯೇ. ಅದನ್ನು ನೋಡಿ ಆದಿಕಾಲದ ಉಡುಗೆಯೆಂದು ಭಾವಿಸಿದವರು ಬಹಳ. ಹಾಗೆಂದು ಅದನ್ನು ನಕಲಿ ಎನ್ನುವಂತಿಲ್ಲ. ನಾಲ್ಕೈದು ತಲೆಮಾರು ಉಟ್ಟು ಒಗ್ಗಿಸಿಕೊಂಡದ್ದು ಆ ಜನರದೇ ಆಗಿಬಿಟ್ಟಿದೆ. ಸಮೋವದಲ್ಲಿ ಸಿಯಾಪೊ ವಿನ್ಯಾಸಗಳನ್ನು ಮರದ ಹಲಗೆಯಲ್ಲಿ ಕೆತ್ತಿ ಹತ್ತಿಬಟ್ಟೆಯ ಮೇಲೆ ಒತ್ತುವ ಎಲೆಯಿ ಎಂಬ ಕಸುಬೂ ಬೆಳೆದಿದೆ.

ಪ್ರಶ್ನೆ: ಗಂಡಸರು ಇದನ್ನುಟ್ಟು ಕೆಲಸಕ್ಕೆ ಹೋಗುತ್ತಾರೆಯೇ?

ಖಂಡಿತ ಹೋಗುತ್ತಾರೆ. ಸಮೋವದ ಗಂಡಸರ ಗೌರವದ ಉಡುಪು ಇಯೆ ಫೈತಾಗ: ಕೋಟಿನ ಬಟ್ಟೆಯಂಥ ದಪ್ಪ ಬಟ್ಟೆಯಲ್ಲಿ ದರ್ಜಿ ಹೊಲಿದದ್ದು, ಜೇಬುಗಳಿರುವಂಥದು, ಸೊಂಟದಲ್ಲಿ ಪಟ್ಟಿಯಿಂದ ಬಿಗಿಯುವಂಥದು. ಮಂತ್ರಿಗಳು, ಅಧಿಕಾರಿಗಳು ಅದನ್ನು ಅಂಗಿ, ಟೈ, ಕೋಟುಗಳ ಜೊತೆ ಉಡುತ್ತಾರೆ. ರಾಜಧಾನಿ ಆಪಿಯಾದ ಪೊಲೀಸರ ಸಮವಸ್ತ್ರದಲ್ಲೂ ಲಾವಲಾವ ಇದೆ, ಹುಡುಗರ ಶಾಲಾ ಸಮವಸ್ತ್ರದಲ್ಲೂ ಇದೆ. ಸೊಂಟದಿಂದ ಮೊಣಕಾಲಿನವರೆಗೆ ಪೆಆ ಎಂಬ ಹಚ್ಚೆ ಹಾಕಿಸಿಕೊಂಡ ಸಮೋವದವರು ಸಮಾರಂಭಗಳಲ್ಲಿ ಬಟ್ಟೆಯನ್ನು ಮೇಲಕ್ಕೆ ಮಡಿಚಿ ಉಟ್ಟು ಹಚ್ಚೆಯ ಅಂಚು ಕಾಣುವಂತೆ ಮಾಡುವುದೂ ಉಂಟು. ಪಂಚೆಯುಟ್ಟು ಬಂದವರನ್ನು ಕೆಲವು ಕ್ಲಬ್ಬುಗಳ ಬಾಗಿಲಲ್ಲಿ ತಡೆದ ಸುದ್ದಿಗಳನ್ನು ಓದಿರುವ ನಮಗೆ ಇದು ಸ್ವಲ್ಪ ಹೊಟ್ಟೆಕಿಚ್ಚು ಹುಟ್ಟಿಸುವ ಸಂಗತಿಯೇ.

ಪ್ರಶ್ನೆ: ತೊಂಗಾದವರು ಬಟ್ಟೆಯ ಮೇಲೆ ಚಾಪೆ ಸುತ್ತಿಕೊಳ್ಳುವುದೇಕೆ?

ಆ ಚಾಪೆಯ ಹೆಸರು ತಾಓವಾಲ. ಕೇದಗೆ ಜಾತಿಯ ಗಿಡದ ಎಲೆಗಳನ್ನು ಸಂಸ್ಕರಿಸಿ, ಬಿಸಿಲಿಗೊಣಗಿಸಿ, ಸಣ್ಣಗೆ ಸೀಳಿ ಹೆಣೆದದ್ದು. ತುಪೆನುವಿನ ಮೇಲೆ ಅದನ್ನು ಸುತ್ತಿ, ತೆಂಗಿನ ನಾರಿನ ಹುರಿಯಿಂದ ಹೆಣೆದ ಕಾಫಾ ಎಂಬ ಸೊಂಟದಾರದಿಂದ ಬಿಗಿಯುತ್ತಾರೆ. ದೂರ ಕಡಲಲ್ಲಿ ಬಿರುಗಾಳಿಗೆ ಸಿಕ್ಕು, ಬಟ್ಟೆ ಹರಿದುಕೊಂಡು ಮರಳಿದ ನಾವಿಕರು ಆ ಸ್ಥಿತಿಯಲ್ಲಿ ಒಡೆಯನ ಮುಂದೆ ನಿಲ್ಲಲು ನಾಚಿ, ದೋಣಿಯ ಚಾಪೆಹಾಯಿಯನ್ನೇ ಕತ್ತರಿಸಿ ಸೊಂಟಕ್ಕೆ ಸುತ್ತಿಕೊಂಡು ಹೋದರೆಂದೂ, ಅವರ ವಿನಯಕ್ಕೆ ಮೆಚ್ಚಿದ ಒಡೆಯ ಅದನ್ನೇ ಆಸ್ಥಾನದ ಉಡುಗೆಯಾಗಿಸಿದನೆಂದೂ ಒಂದು ಐತಿಹ್ಯವಿದೆ. ಕಥೆ ನಿಜವಿರಲಿ ಬಿಡಲಿ, ತಾಓವಾಲದ ಅರ್ಥ ಅದರಲ್ಲಿದೆ: ಎದುರಿಗಿರುವವರಿಗೆ ತೋರಿಸುವ ಮರ್ಯಾದೆ. ಸರ್ಕಾರಿ ಕಚೇರಿಗೆ, ಚರ್ಚಿಗೆ, ಹಿರಿಯರ ಮನೆಗೆ ಅದಿಲ್ಲದೆ ಹೋಗುವುದು ಒಪ್ಪುವುದಿಲ್ಲ. ಹೆಂಗಸರು ಹಲವು ಸಂದರ್ಭಗಳಲ್ಲಿ ಅದರ ಬದಲು ಕಿಯೆಕಿಯೆ ಎಂಬ, ಹೆಣೆದ ಎಳೆಗಳು ಸಾಲಾಗಿ ಜೋತಾಡುವ ಸೊಂಟಪಟ್ಟಿಯನ್ನು ಕಟ್ಟುತ್ತಾರೆ.

ಸಾವಿನ ಮನೆಯಲ್ಲಿ ಈ ಚಾಪೆಯ ಭಾಷೆ ಪೂರ್ತಿ ತಿಳಿಯುತ್ತದೆ. ತೊಂಗಾದಲ್ಲಿ ಪ್ರತಿಯೊಬ್ಬರಿಗೂ ನೆಂಟಸ್ತನದಲ್ಲಿ ಮೇಲಿನವರು, ಕೆಳಗಿನವರು ಎಂದು ಇರುತ್ತಾರೆ. ತಂದೆಯ ಅಕ್ಕತಂಗಿಯರು, ಅಂದರೆ ಸೋದರತ್ತೆಯರ ಕಡೆ, ಯಾವಾಗಲೂ ಮೇಲು. ಸತ್ತವರಿಗಿಂತ ಕೆಳಗಿನ ಸ್ಥಾನದ ಹತ್ತಿರದ ಬಂಧುಗಳು ಹಳೆಯದಾದ, ಹರಿದು ಚಿಂದಿಯಾದ, ಮೈಯನ್ನೆಲ್ಲ ಮುಚ್ಚುವಷ್ಟು ದೊಡ್ಡ ತಾಓವಾಲಗಳನ್ನು ಸುತ್ತಿಕೊಂಡು ಹಿಂದೆ ಅಡಿಗೆಯ ಒಲೆಗಳ ಬಳಿ ದುಡಿಯುತ್ತಾರೆ. ಮೇಲಿನ ಸ್ಥಾನದವರು ನಯವಾದ ಚಾಪೆಯುಟ್ಟು ಶವದ ಬಳಿ ಕೂರುತ್ತಾರೆ. ಹೊಸಬರೊಬ್ಬರು ಒಳಗೆ ಬಂದು ಯಾರನ್ನೂ ವಿಚಾರಿಸದೆ, ಬರಿಯ ಸೊಂಟಗಳನ್ನು ನೋಡಿ, ಯಾರು ಸತ್ತವರಿಗೆ ಏನಾಗಬೇಕೆಂದು ಹೇಳಬಹುದು. ಮನೆತನದಲ್ಲಿ ತಲೆಮಾರುಗಳಿಂದ ಬಂದ ತಾಓವಾಲ ಎಷ್ಟು ಜೀರ್ಣವಾಗಿದ್ದರೂ ಅಮೂಲ್ಯ. ಹೊಳೆಯುವ ಹೊಸತಕ್ಕಿಂತ ಸವೆದು ಕಂದಿದ ಹಳತಕ್ಕೆ ಬೆಲೆ ಕೊಡುವ ಇಂಥ ಉಡುಗೆಗಳು ಲೋಕದಲ್ಲಿ ಹೆಚ್ಚಿಲ್ಲ.

2016ರ ರಿಯೊ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಎಣ್ಣೆ ಸವರಿದ ಬರಿಮೈಯಲ್ಲಿ ಧ್ವಜ ಹಿಡಿದು ಬಂದ ಪೀಟಾ ತೌಫಾತೋಫುವಾ ಸೊಂಟಕ್ಕೆ ಸುತ್ತಿದ್ದುದೂ ತಾಓವಾಲವೇ. ಜಗತ್ತು ಅವರ ಮೈಕಟ್ಟನ್ನು ನೋಡಿತು. ತೊಂಗಾದ ರಸ್ತೆಯಲ್ಲಿ ಹೀಗೆ ಅಂಗಿಯಿಲ್ಲದೆ ಓಡಾಡುವುದು ಕಾನೂನಿಗೇ ವಿರುದ್ಧ.

ಪ್ರಶ್ನೆ: ಸಮೋವದ ಸಣ್ಣ ಹೆಣಿಗೆಯ ಚಾಪೆಯೂ ಉಡುಗೆಯೇ?

ಇಯೆ ತೋಗ ಎಂಬ ಆ ಚಾಪೆ ರೇಷ್ಮೆಯಷ್ಟು ಮೆದು. ಒಂದನ್ನು ಹೆಣೆಯಲು ತಿಂಗಳುಗಳು ಬೇಕು. ಊರಿನ ಮುಖ್ಯಸ್ಥನ ಮಗಳು ಸಮಾರಂಭದಲ್ಲಿ ಕುಣಿಯುವಾಗ ಅದನ್ನುಡುತ್ತಾಳೆ, ಆದರೆ ಅದರ ಮುಖ್ಯ ಬಳಕೆ ಕೊಡುಕೊಳ್ಳುವುದರಲ್ಲಿ. ಯುನೆಸ್ಕೊ 2019ರಲ್ಲಿ ಈ ಕಲೆಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ತಪ್ಪು ಮಾಡಿದವರು ತಲೆಯ ಮೇಲೆ ಇಯೆ ತೋಗ ಹೊದ್ದು ನೊಂದವರ ಮನೆಯ ಮುಂದೆ ಕೂರುವ ಇಫೋಗ ಎಂಬ ಪದ್ಧತಿಯಿದೆ. ಮನೆಯವರು ಚಾಪೆಯನ್ನು ತೆಗೆದರೆ ಕ್ಷಮಿಸಿದಂತೆ. 1970ರ ದಶಕದಲ್ಲಿ ನ್ಯೂಜಿಲೆಂಡಿನ ಪೊಲೀಸರು ಪೆಸಿಫಿಕ್ ವಲಸಿಗರ ಮನೆಗಳ ಮೇಲೆ ನಸುಕಿನಲ್ಲಿ ನಡೆಸಿದ ದಾಳಿಗಳಿಗಾಗಿ ಅಲ್ಲಿನ ಪ್ರಧಾನಿ ಜಸಿಂಡಾ ಆರ್ಡರ್ನ್ 2021ರ ಆಗಸ್ಟ್ 1ರಂದು ಆಕ್ಲೆಂಡಿನಲ್ಲಿ ಕ್ಷಮೆ ಕೇಳಿದಾಗ, ಅವರಿಗೂ ಹೀಗೆಯೇ ಚಾಪೆ ಹೊದಿಸಲಾಗಿತ್ತು.

ಪ್ರಶ್ನೆ: ಹವಾಯಿಯಲ್ಲಿ ಈಗ ಏನು ಉಳಿದಿದೆ?

ನಿತ್ಯದ ಉಡುಗೆಯಾಗಿ ಹೆಚ್ಚೇನೂ ಇಲ್ಲ. ಹುಲಾ ನೃತ್ಯದಲ್ಲಿ ಮತ್ತು ಸಮಾರಂಭಗಳಲ್ಲಿ ಉಳಿದಿದೆ. ಹವಾಯಿಯ ದೊರೆ ಒಂದನೇ ಕಮೆಹಮೆಹನ ಮಗಳು ನಾಹಿಯೆನಾಯೆನಾಳಿಗಾಗಿ 1820ರ ದಶಕದಲ್ಲಿ ಹಳದಿ ಗರಿಗಳಿಂದ ಮಾಡಿದ ಪಾಉ ಹೊನೊಲುಲುವಿನ ಬಿಷಪ್ ವಸ್ತುಸಂಗ್ರಹಾಲಯದಲ್ಲಿದೆ. ಮುಂದೆ ಅದನ್ನು ಅರಸರ ಶವಪೆಟ್ಟಿಗೆಗೆ ಹೊದಿಸಲು ಬಳಸಿದರು. ಕುದುರೆಗಳು ಬಂದ ಮೇಲೆ ಹೆಂಗಸರು ಸವಾರಿಯಲ್ಲಿ ಒಳಗಿನ ಉಡುಪು ಕೊಳೆಯಾಗದಿರಲೆಂದು ಹತ್ತು ಗಜಕ್ಕೂ ಹೆಚ್ಚಿನ ಬಟ್ಟೆಯನ್ನು ಸೊಂಟದಿಂದ ಪಾದದವರೆಗೆ ನೆರಿಗೆಯಾಗಿ ಸುತ್ತತೊಡಗಿದರು. ಅದಕ್ಕೆ ಗುಂಡಿಯಿಲ್ಲ, ಪಿನ್ನಿಲ್ಲ. ಗೋಲಿಯಂಥ ಕುಕುಯಿ ಕಾಯಿಗಳನ್ನು ಬಟ್ಟೆಯೊಳಗಿಟ್ಟು ತಿರುಚಿ ಸೊಂಟಕ್ಕೆ ಸಿಕ್ಕಿಸಿದರೆ ಕುದುರೆ ಓಡಿದರೂ ಬಿಚ್ಚುವುದಿಲ್ಲ. ಜೂನ್ 11ರ ಕಮೆಹಮೆಹ ದಿನದ ಮೆರವಣಿಗೆಗಳಲ್ಲಿ ಈ ಸವಾರರನ್ನು ಈಗಲೂ ನೋಡಬಹುದು.

ಪ್ರಶ್ನೆ: ನ್ಯೂಜಿಲೆಂಡಿನ ಮಾವೋರಿಗಳೂ ಪಾಲಿನೇಷ್ಯನ್ನರೇ ಅಲ್ಲವೇ? ಅವರಲ್ಲಿ ತಾಪಾ ಏಕಿಲ್ಲ?

ಚಳಿ ಕಾರಣ. ಅವರ ಪೂರ್ವಜರು ಕಾಗದ ಹಿಪ್ಪುನೇರಳೆಯನ್ನು ಒಯ್ದರಾದರೂ ಅದು ಅಲ್ಲಿ ಚೆನ್ನಾಗಿ ಬೆಳೆಯಲಿಲ್ಲ. ಅವರು ಹರಕೆಕೆ ಎಂಬ ಸ್ಥಳೀಯ ಗಿಡದ ನಾರನ್ನು ಬೆರಳುಗಳಿಂದಲೇ ಹೆಣೆದು ಬೆಚ್ಚಗಿನ ಹೊದಿಕೆಗಳನ್ನೂ, ನಡೆದಾಗ ಸದ್ದು ಮಾಡುವ ಪಿಯುಪಿಯು ಎಂಬ ಸೊಂಟದುಡುಗೆಯನ್ನೂ ಮಾಡಿಕೊಂಡರು.

ಪ್ರಶ್ನೆ: ಫಿಜಿಯ ಸುಲು ಇದೇ ಗುಂಪಿಗೆ ಸೇರುತ್ತದೆಯೇ?

ಫಿಜಿಯನ್ನು ಸಾಮಾನ್ಯವಾಗಿ ಪಾಲಿನೇಷ್ಯಾದ ಪಶ್ಚಿಮಕ್ಕಿರುವ ಮೆಲನೇಷ್ಯಾ ಎಂಬ ದ್ವೀಪವಲಯದೊಳಗೆ ಎಣಿಸುತ್ತಾರೆ, ಆದರೆ ತೊಂಗಾದ ಜೊತೆ ಅದರ ನಂಟು ಬಹಳ ಹಳೆಯದು. ಹತ್ತೊಂಬತ್ತನೇ ಶತಮಾನದಲ್ಲಿ ತೊಂಗಾದ ಕ್ರೈಸ್ತ ಬೋಧಕರ ಮೂಲಕ ಹರಡಿದ ಸುಲು ಮೊದಮೊದಲು ಮತಾಂತರದ ಗುರುತಾಗಿತ್ತು, ಈಗ ದೇಶದ ಉಡುಪಾಗಿದೆ. 1879ರಿಂದ 1916ರವರೆಗೆ ಕೂಲಿ ಕರಾರಿನ ಮೇಲೆ ಅಲ್ಲಿಗೆ ಹೋದ ಭಾರತೀಯರು ತಮ್ಮ ಧೋತಿ, ಸೀರೆಗಳನ್ನೇ ಒಯ್ದರು.

ಪ್ರಶ್ನೆ: ಉಡುವುದು ಹೇಗೆ?

ಗಂಡಸರ ಲಾವಲಾವಕ್ಕೆ, ಬಟ್ಟೆಯನ್ನು ಬೆನ್ನ ಹಿಂದಿನಿಂದ ತಂದು ಎರಡು ತುದಿಗಳನ್ನೂ ಮುಂದಕ್ಕೆ ಹಿಡಿಯಬೇಕು. ಒಂದನ್ನು ಹೊಟ್ಟೆಯ ಮೇಲೆ ಅಡ್ಡ ಎಳೆದು, ಇನ್ನೊಂದನ್ನು ಅದರ ಮೇಲೆ ತಂದು ಸೊಂಟದ ಪಕ್ಕದಲ್ಲಿ ಸಿಕ್ಕಿಸಿ, ಮೇಲಂಚನ್ನು ಒಂದು ಸುತ್ತು ಮಡಚಬೇಕು. ಪಂಚೆ ಉಟ್ಟು ರೂಢಿಯಿರುವವರಿಗೆ ಹೇಳಿಕೊಡಬೇಕಾದ್ದು ಏನೂ ಇಲ್ಲ. ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟುವ ನಮ್ಮ ಅಭ್ಯಾಸವನ್ನು ಮಾತ್ರ ಅಲ್ಲಿನ ಊರುಗಳಲ್ಲಿ ಬಿಡಬೇಕು. ಹೆಂಗಸರ ಪಾರೆಯುವಿಗೆ ಹಲವು ರೀತಿಗಳಿವೆ. ಕಂಕುಳ ಕೆಳಗಿನಿಂದ ತಂದ ಎರಡು ಮೂಲೆಗಳನ್ನು ಎದೆಯ ಮೇಲೆ ಗಂಟು ಹಾಕುವುದು, ಅವನ್ನೇ ತಿರುಚಿ ಕುತ್ತಿಗೆಯ ಹಿಂದೆ ಕಟ್ಟುವುದು, ಒಂದೇ ಹೆಗಲ ಮೇಲೆ ಗಂಟು ಹಾಕುವುದು ಸಾಮಾನ್ಯ.

ಪ್ರಶ್ನೆ: ಹೊರಗಿನವರು ಉಟ್ಟರೆ ಆ ಜನ ಬೇಸರಪಡುತ್ತಾರೆಯೇ?

ಹತ್ತಿಯ ಲಾವಲಾವ, ಪಾರೆಯುಗಳನ್ನು ಯಾರು ಉಟ್ಟರೂ ಅಡ್ಡಿಯಿಲ್ಲ. ಸಮೋವದ ಹಳ್ಳಿಗೆ ಹೋದ ಹೆಂಗಸರು ಮೊಣಕಾಲು ಮುಚ್ಚುವಂತೆ ಒಂದನ್ನು ಸುತ್ತಿಕೊಂಡರೆ ಊರಿನವರಿಗೆ ಸಂತೋಷವೇ ಆಗುತ್ತದೆ. ಅಲ್ಲಿನ ಮನೆಗಳಲ್ಲಿ ನೆಲದ ಮೇಲೆ ಕೂರುವಾಗ ಅಂಗಾಲು ಇತರರ ಕಡೆಗೆ ಚಾಚದೆ ಚಕ್ಕಳಮಕ್ಕಳ ಹಾಕಬೇಕು; ಚಾಚಲೇಬೇಕಾದರೆ ಬಟ್ಟೆ ಅಥವಾ ಚಾಪೆಯಿಂದ ಕಾಲು ಮುಚ್ಚಿಕೊಳ್ಳಬೇಕು. ತಾಓವಾಲ, ಇಯೆ ತೋಗಗಳ ವಿಷಯ ಬೇರೆ. ಅವು ಸ್ಥಾನ, ಸಂಬಂಧಗಳನ್ನು ಹೇಳುವಂಥವಾದ್ದರಿಂದ ಅವರಾಗಿಯೇ ಉಡಿಸಿದರೆ ಮಾತ್ರ ಉಡುವುದು ಲೇಸು. ಆಕ್ಲೆಂಡ್, ಸಿಡ್ನಿಗಳಲ್ಲಿ ತೊಂಗಾದ ನೆರೆಹೊರೆಯಿರುವ ಕನ್ನಡ ಕುಟುಂಬಗಳು ಅವರ ಸಾವಿನ ಮನೆಗೆ ಹೋಗುವಾಗ ಮೈ ಮುಚ್ಚುವ ಕಪ್ಪು ಬಟ್ಟೆ ತೊಟ್ಟರೆ ಸಾಕು.

ಪ್ರಶ್ನೆ: ಕೊಳ್ಳುವಾಗ, ಒಗೆಯುವಾಗ ಏನು ಗಮನಿಸಬೇಕು?

ದ್ವೀಪಗಳ ಮಾರುಕಟ್ಟೆಯಲ್ಲೇ ಕೊಂಡರೂ ಬಟ್ಟೆ ಅಲ್ಲಿಯದೇ ಎನ್ನಲಾಗದು. ಏಷ್ಯಾದ ಕಾರ್ಖಾನೆಗಳಲ್ಲಿ ಅಚ್ಚಾಗಿ ಬಂದವೂ ಸಾಕಷ್ಟಿವೆ. ಕೈಯಿಂದ ಬಣ್ಣ ಹಾಕಿದ್ದೋ, ಎಲೆಯಿ ಹಲಗೆಯಿಂದ ಒತ್ತಿದ್ದೋ ಆದರೆ ವಿನ್ಯಾಸ ಎಲ್ಲ ಕಡೆಯೂ ಕರಾರುವಾಕ್ಕಾಗಿ ಒಂದೇ ತೆರನಾಗಿರುವುದಿಲ್ಲ, ಅಲ್ಲಲ್ಲಿ ಬಣ್ಣ ಗಾಢವಾಗಿಯೋ ತೆಳುವಾಗಿಯೋ ಕೂತಿರುತ್ತದೆ. ರೇಯಾನಿಗಿಂತ ಹತ್ತಿಯದಕ್ಕೆ ಗಂಟು ಚೆನ್ನಾಗಿ ನಿಲ್ಲುತ್ತದೆ. ಹೊಸ ಬಟ್ಟೆಯ ಬಣ್ಣ ಬಿಡುವುದರಿಂದ ಮೊದಲ ಕೆಲವು ಸಲ ತಣ್ಣೀರಿನಲ್ಲಿ ಬೇರೆಯಾಗಿ ಒಗೆದು ನೆರಳಿನಲ್ಲಿ ಒಣಗಿಸಬೇಕು. ತಾಪಾದ ತುಂಡನ್ನು ಕೊಂಡವರು ಅದನ್ನು ನೀರಿಗೆ ಹಾಕಲೇಬಾರದು. ಮಡಿಕೆಯ ಜಾಗದಲ್ಲಿ ನಾರು ಮುರಿಯುವುದರಿಂದ ಮಡಚದೆ ಸುರುಳಿ ಸುತ್ತಿ, ತೇವ ಮತ್ತು ಬಿಸಿಲು ತಾಗದ ಕಡೆ ಇಡಬೇಕು, ಮಳೆಗಾಲದಲ್ಲಿ ಆಗಾಗ ಬಿಡಿಸಿ ಗಾಳಿಗೆ ಹರವಬೇಕು.